ಬೇಲಿಯೇ ಹೊಲವನ್ನು ಮೇದಾಗ

ಒಳಹೊಕ್ಕ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಕಾವಲುಗಾರರು ನಮ್ಮ ರಕ್ತದಲ್ಲಿರುವರು. ಇವಕ್ಕೆ ಪ್ರತಿಕಾಯಗಳೆಂದು ಹೆಸರು. ಆದರೆ ಬೇಲಿಯೇ ಎದ್ದು ಹೊಲವನ್ನು ಮೇಯುವುದುಂಟೆ? ಉಂಟೆಂಬುದನ್ನು ಮೂತ್ರಪಿಂಡದ ಬೇನೆಗಳಲ್ಲಿ ಕಾಣುತ್ತೇವೆ.

1930ರ ದಶಕದಲ್ಲಿ ಜಪಾನಿನ ಮಸುಗಿ ಎಂಬ ವಿದ್ವಾಂಸನು ಮೊಲದ ಮೂತ್ರಪಿಂಡವನ್ನು ಅರೆದು ಬಾತುಗಳಿಗೆ ಚುಚ್ಚಿದನು. ಪರಕೀಯವಾದ ಆ ವಸ್ತುವಿಗೆದುರಾಗಿ ಬಾತುಗಳ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದುವು. ಆ ರಕ್ತದ ತಿಳಿರಸವನ್ನು ಆರೋಗ್ಯವಂತ ಮೊಲಗಳಿಗೆ ಚುಚ್ಚಲು, ಕೆಲವು ದಿನಗಳಲ್ಲಿಯೇ ಅವುಗಳ ಮೂತ್ರಪಿಂಡಗಳು ಉರಿಯೂತಕ್ಕೊಳಗಾದುವು. ರೋಗಾಣುವಿಲ್ಲದೆಯೇ ರೋಗವುಂಟಾಯಿತು!

ಮನುಷ್ಯನ ಪಾಡೇನು? 1967ರಲ್ಲಿ ಅಮೆರಿಕೆಯ ಲರ್ನರ್, ಗ್ಲಾಸಕ್, ಡಿಕ್ಸನ್ ಎಂಬವರು ಗುಡ್‌ಪಾಶ್ಚರ್ ಬೇನೆಯವರ ಮೂತ್ರಪಿಂಡಗಳಿಗೆ ಅಂಟಿದ್ದ ಪ್ರತಿಕಾಯಗಳನ್ನು ಬಿಡಿಸಿ ಕೋತಿಗಳಿಗೆ ಕೊಟ್ಟರು. ಅವು ಕೋತಿಗಳ ಮೂತ್ರಪಿಂಡದ ಸೋಸುಪೊರೆಗೂ ಅಂಟಿಕೊಂಡು ಬೇನೆಯನ್ನುಂಟುಮಾಡಿದುವು. ಸಂಶಯಕ್ಕೆಡೆಯುಳಿಯಲಿಲ್ಲ.

ಈ ಮೂಕಪ್ರಾಣಿಗಳ ಋಣ ದೊಡ್ಡದು. ಕಾರಣ ತಿಳಿದುದರಿಂದಲೇ ಇಂದು ವೈದ್ಯರು ಆ ಬೇನೆಯಲ್ಲಿ ರಕ್ತರಸವನ್ನು ಬದಲಿಸಿ ಕೇಡಿನ ಪ್ರತಿಕಾಯಗಳನ್ನು ತೆಗೆಯುವರು. ಹೊಸವು ಹುಟ್ಟದಂತೆ ಔಷಧಗಳನ್ನು ಕೊಡುವರು. ಆದರೆ ಪೂರ್ತಿ ಕೆಟ್ಟ ಸೋಸುಪೊರೆ ಮರಳಿ ಬಾರದು. ಆದುದರಿಂದ ಮನೆಯವರಲ್ಲಿ ಯಾರಿಗಾದರೂ ಮೂತ್ರವು ಕೆಂಪಾದರೆ, ಬಿಡದೆ ನೊರೆಗಟ್ಟಿದರೆ, ಮುಖ ಕಾಲುಗಳು ಬಾತರೆ, ನಾಳೆ ನೋಡೋಣವೆನ್ನದೆ ವೈದ್ಯರಿಗೆ ತೋರಿಸಬೇಕೆಂದು ವಾಚಕರನ್ನು ಬೇಡುತ್ತೇವೆ.