ಊರಿನ ಹೆಸರು ಹೇಳಿದ ಜಾಡಿಯ ಹಿಡಿ

ಬೈಬಲಿನ ಯೆಹೋಶುವನ ಪುಸ್ತಕ ಓದಲು ಕೂತವರು ಹದಿಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಹಾಳೆ ಮಗುಚಿಬಿಡುತ್ತಾರೆ. ಯುದ್ಧದ ಕಥೆ ಮುಗಿದು ಅಲ್ಲಿಂದ ಶಾನುಭೋಗರ ಕಡತ ಶುರುವಾಗುತ್ತದೆ. ಯಾವ ಕುಲಕ್ಕೆ ಯಾವ ಸೀಮೆ, ಎಲ್ಲೆ ಯಾವ ಹಳ್ಳ ಹಿಡಿದು ಯಾವ ಗುಡ್ಡ ಹತ್ತುತ್ತದೆ, ಒಳಗೆ ಊರುಗಳೆಷ್ಟು. ಯೆಹೂದ ಕುಲದ ದಕ್ಷಿಣ ಸೀಮೆಯಲ್ಲಿ ಒಟ್ಟು 29 ಊರು ಎಂದಿದೆ. ಬೆರಳು ಮಡಚಿ ಎಣಿಸಿದರೆ ಮೂವತ್ತು ದಾಟುತ್ತದೆ. ಆಮೇಲೆ ಯಾರೋ ಊರು ಸೇರಿಸಿ, ಮೊತ್ತ ತಿದ್ದಲು ಮರೆತಿರಬೇಕು.

ಈ ಊರುಗಳನ್ನು ನೆಲದ ಮೇಲೆ ಹುಡುಕುವ ಕೆಲಸಕ್ಕೆ ಶಿಸ್ತು ತಂದವನು ಅಮೆರಿಕದ ಎಡ್ವರ್ಡ್ ರಾಬಿನ್‌ಸನ್. 1838ರಲ್ಲಿ ಅವನೂ ಅರಬ್ಬಿ ಬಲ್ಲ ಮಿಷನರಿ ಎಲೈ ಸ್ಮಿತ್‌ನೂ ಪ್ಯಾಲೆಸ್ಟೈನಿನಲ್ಲಿ ಹಳ್ಳಿಹಳ್ಳಿ ಸುತ್ತಿದರು. ‘ಇದು ಅನಾತೋತ್ ತಾನೆ?’ ಎಂದು ಉತ್ತರವನ್ನು ಬಾಯಿಗಿಟ್ಟು ಕೇಳುತ್ತಿರಲಿಲ್ಲ. ‘ಈ ಊರಿಗೆ ಏನಂತೀರಿ?’ ಎಂದು ರೈತರನ್ನು ಕೇಳಿ, ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುತ್ತಿದ್ದರು. ಅನಾತಾ, ಮುಖ್ಮಾಸ್, ಜೆಬಾ: ಹಳೆಯ ಅನಾತೋತ್, ಮಿಕ್ಮಾಷ್, ಗೆಬಗಳು ಅರಬ್ಬಿ ನಾಲಗೆಯ ಮೇಲೆ ಬದುಕಿದ್ದವು.

ಆದರೆ ರಾಬಿನ್‌ಸನ್ನನ ಕಿವಿಯಷ್ಟು ಅವನ ಕಣ್ಣು ಚುರುಕಾಗಿರಲಿಲ್ಲ. ಚಪ್ಪಟೆ ತಲೆಯ ದಿಬ್ಬಗಳನ್ನು ಬರೀ ಗುಡ್ಡವೆಂದುಕೊಂಡ. ಒಂದರ ಮೇಲೊಂದು ಊರು ಕುಸಿದು ದಿಬ್ಬವಾಗುತ್ತದೆ ಎಂಬುದನ್ನು ಅಲ್ಲಿ ಪದರಪದರವಾಗಿ ಬಿಡಿಸಿ ತೋರಿಸಿದವನು ಫ್ಲಿಂಡರ್ಸ್ ಪೆಟ್ರಿ, 1890ರಲ್ಲಿ, ತೆಲ್ ಎಲ್-ಹೆಸಿಯಲ್ಲಿ. ವಿಧಾನ ಸರಿಯಿತ್ತು, ಊರು ತಪ್ಪಿತ್ತು! ಅದೇ ಬೈಬಲಿನ ಲಾಕೀಷ್ ಪಟ್ಟಣ ಎಂದು ಅವನು ನಂಬಿದ್ದ. ಇಂದು ಹೆಚ್ಚುಕಡಿಮೆ ಎಲ್ಲರೂ ಲಾಕೀಷ್ ಎಂದು ಒಪ್ಪಿರುವ ದಿಬ್ಬ ತೆಲ್ ಎದ್-ದುವೇರ್, ಬೇರೆಯದೇ.

ನನಗೆ ಅಚ್ಚುಮೆಚ್ಚು ಗೆಜೆರ್ ಸಿಕ್ಕ ಕಥೆ. ಫ್ರೆಂಚ್ ವಿದ್ವಾಂಸ ಕ್ಲೆರ್ಮೊಂ-ಗನ್ನೋ ಬೈಬಲ್ ಬದಿಗಿಟ್ಟು, ಹದಿನೈದನೇ ಶತಮಾನದ ಜೆರುಸಲೇಮಿನ ಇತಿಹಾಸಕಾರ ಮುಜೀರ್ ಅಲ್-ದೀನನ ಅರಬ್ಬಿ ಪುಸ್ತಕ ಓದುತ್ತಿದ್ದ. ಅದರಲ್ಲೊಂದು ಸಣ್ಣ ಕಾಳಗದ ಪ್ರಸಂಗ; ಅಲ್ಲಿ ‘ತೆಲ್ ಜೆಜೆರ್’ ಎಂಬ ಹೆಸರು, ಖುಲ್ದಾ ಎಂಬ ಹಳ್ಳಿಗೂ ಅದಕ್ಕೂ ನಡುವೆ ಕೂಗು ಕೇಳಿಸಿತೆಂಬ ಮಾತು. ಹಾಗಾದರೆ ಊರು ಕೂಗಳತೆಯಲ್ಲೇ ಇರಬೇಕು ಎಂದು ಹುಡುಕಿ, 1871ರಲ್ಲಿ ಅಬು ಶುಶಾ ಹಳ್ಳಿಯ ಪಕ್ಕದ ದಿಬ್ಬವನ್ನು ಹಿಡಿದ. ನಂಬದವರಿದ್ದರು. 1874ರಲ್ಲಿ ದಿಬ್ಬದ ಸುತ್ತಲಿನ ಬಂಡೆಯ ಮೇಲೆ ಹೀಬ್ರೂ ಅಕ್ಷರ ಕಂಡವು: ‘ಗೆಜೆರಿನ ಎಲ್ಲೆ’. ಪಕ್ಕದಲ್ಲಿ ಗ್ರೀಕಿನಲ್ಲಿ ಅಲ್ಕಿಯೋಸ್ ಎಂಬವನ ಹೆಸರು. ಗಡಿಕಲ್ಲೇ ಸಾಕ್ಷಿ ಹೇಳಿದ ಮೇಲೆ ತಕರಾರೇನಿದೆ?

ಬೆನ್ಯಾಮೀನ್ ಕುಲದ ಪಟ್ಟಿಯ ಗಿಬ್ಯೋನಿಗೆ ಅಂಥ ಬಂಡೆಯಿಲ್ಲ. ಎಲ್-ಜೀಬ್ ಹಳ್ಳಿಯ ಹೆಸರು ಹೊಂದುತ್ತಿತ್ತು, ಅಷ್ಟೆ. 1956ರಿಂದ ಅಲ್ಲಿ ಅಗೆದ ಜೇಮ್ಸ್ ಪ್ರಿಚರ್ಡ್‌ಗೆ ಬಂಡೆಯಲ್ಲಿ ಕೊರೆದ ಭಾರಿ ಗುಂಡಿ ಸಿಕ್ಕಿತು; ಸುತ್ತಿ ಇಳಿಯಲು 79 ಮೆಟ್ಟಿಲು. ಅದನ್ನು ತುಂಬಿದ್ದ ಕಸಮಣ್ಣಿನಲ್ಲಿ ‘ಗಿಬ್ಯೋನ್’ ಎಂದು ಕೆತ್ತಿದ 31 ಜಾಡಿಯ ಹಿಡಿಗಳು. ಜಾಡಿ ಎಲ್ಲಿಂದಲೋ ಬಂದಿರಬಹುದು, ಹೆಸರು ಕಳಿಸಿದ ಊರಿನದ್ದು ಎಂದು ವಾದಿಸಿದವರಿದ್ದರು. ಒಳ್ಳೆಯ ಅನುಮಾನವೇ. ಆದರೆ ಅಲ್ಲೇ ಬಂಡೆಯೊಳಗೆ ದ್ರಾಕ್ಷಾರಸ ಇಡುವ ನೆಲಮಾಳಿಗೆಗಳು ಸಿಕ್ಕವು, ಒಂದೆರಡಲ್ಲ, 63. ಜಾಡಿ ತುಂಬಿ ಕಳಿಸಿದ ಊರು ಅದೇ.

ಹೆಸರು ಒಂದೇ ಸಾಕೆನ್ನುವವರನ್ನು ನಾನು ನಂಬುವುದಿಲ್ಲ. ಊರು ಪಾಳುಬಿದ್ದರೆ ಜನ ಹೆಸರನ್ನೂ ಗಂಟುಕಟ್ಟಿಕೊಂಡು ಪಕ್ಕದ ದಿನ್ನೆಗೆ ಹೋಗುತ್ತಾರೆ. ಹೆಸರು, ದಾರಿಯ ದೂರ, ಮಡಕೆಯ ಕಾಲ, ಮೂರೂ ಕೂಡಬೇಕು. ಕೂಡದ ಊರುಗಳು ಬೇಕಾದಷ್ಟಿವೆ. ದಾವೀದನು ಫಿಲಿಷ್ಟಿಯರ ಆಶ್ರಯದಲ್ಲಿದ್ದ ಚಿಕ್ಲಗ್ ಯೆಹೂದದ ಪಟ್ಟಿಯಲ್ಲೂ ಇದೆ, ಸಿಮೆಯೋನನದರಲ್ಲೂ ಇದೆ. ತೆಲ್ ಸೆರಾ, ತೆಲ್ ಹಲೀಫ್, 2019ರಲ್ಲಿ ಖಿರ್ಬೆತ್ ಎ-ರಾಯಿ, ಹೀಗೆ ಹಕ್ಕುದಾರ ದಿಬ್ಬಗಳು ಹೆಚ್ಚುತ್ತಲೇ ಇವೆ. ಯಾವುದರಲ್ಲೂ ಆ ಹೆಸರು ಕೆತ್ತಿದ ಒಂದು ಓಡೂ ಸಿಕ್ಕಿಲ್ಲ.