ಕನ್ನಡಿ ಕಳಚಿದ ಕ್ಯಾಮರಾ

ಚೌಕಿಪೂಜೆಯಿಂದ ಮಂಗಳಪದದವರೆಗೆ ಬಯಲಾಟದ ರಂಗಸ್ಥಳದ ಮುಂದೆ ನಿಲ್ಲುವ ಛಾಯಾಗ್ರಾಹಕನಿಗೆ ಕ್ಯಾಮರಾದ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ವೇಷದ ಪ್ರವೇಶಕ್ಕೆ ಹಗುರವೆನಿಸಿದ ಯಂತ್ರ ನಡುವಿರುಳು ದಾಟುವಾಗ ಕೊರಳನ್ನು ಜಗ್ಗತೊಡಗುತ್ತದೆ. ಕೈ ನಡುಗಿದರೆ ಚಿತ್ರವೂ ಕದಡುತ್ತದೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಆಟ, ನೇಮ, ಮದುವೆಗಳಿಗೆ ಕ್ಯಾಮರಾ ಹಿಡಿಯುವವರಿಗೆ ಡಿಎಸ್‌ಎಲ್‌ಆರ್ ಬಿಟ್ಟು ಹಗುರವಾದ ಮಿರರ್‌ಲೆಸ್ ಕ್ಯಾಮರಾ ಕೊಳ್ಳುವ ಆಸೆ ಸಹಜವೇ. ಮನೆಯ ಮಕ್ಕಳೂ ಅದನ್ನೇ ಕೇಳುವಾಗ, ಹಣ ತೆರುವ ಮುನ್ನ ಹೆತ್ತವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಡಿಎಸ್‌ಎಲ್‌ಆರ್‌ನ ಒಡಲಲ್ಲಿ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯೊಂದಿದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಿನ ಪ್ರಿಸಂಗೆ ಕಳುಹಿಸುತ್ತದೆ. ಅಲ್ಲಿಂದ ದೃಶ್ಯ ಕಣ್ಣನ್ನು ಸೇರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಸದ್ದಿನೊಂದಿಗೆ ಮೇಲೇಳುತ್ತದೆ, ಕ್ಷಣಕಾಲ ನೋಟ ಕತ್ತಲಾಗುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಕಣ್ಣಿಟ್ಟು ನೋಡುವಲ್ಲಿ ಪುಟ್ಟದೊಂದು ಪರದೆಯಿರುತ್ತದೆ. 2008ರಲ್ಲಿ ಪ್ಯಾನಾಸಾನಿಕ್ ಸಂಸ್ಥೆಯ ಲೂಮಿಕ್ಸ್ ಜಿ1 ಈ ಹಾದಿ ಹಿಡಿಯಿತು. 2013ರಲ್ಲಿ ಸೋನಿಯ ಎ7, 2018ರಲ್ಲಿ ನಿಕಾನ್ ಝಡ್ ಮತ್ತು ಕ್ಯಾನನ್ ಇಓಎಸ್ ಆರ್ ಬಂದವು. ಕನ್ನಡಿ ಹೋದುದರಿಂದ ಉಳಿದ ಜಾಗ ಎಷ್ಟೆಂದರೆ, ನಿಕಾನ್‌ನ 1959ರ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಬಳೆಯಿಂದ ಚಿತ್ರ ಮೂಡುವ ತಳಕ್ಕೆ 46.5 ಮಿಲಿಮೀಟರ್ ದೂರವಿದ್ದರೆ, ಝಡ್ ಮೌಂಟಿನಲ್ಲಿ ಅದು ಕೇವಲ 16 ಮಿಲಿಮೀಟರ್.

ಹಾಗಾದರೆ ಹೊರೆ ಎಷ್ಟು ಇಳಿಯಿತು? ಬ್ಯಾಟರಿ, ಕಾರ್ಡು ಸೇರಿ ನಿಕಾನ್ ಡಿ750ರ ತೂಕ ಸುಮಾರು 840 ಗ್ರಾಂ. ಝಡ್6ರದು ಸುಮಾರು 675. ಉಳಿತಾಯ 165 ಗ್ರಾಂ. ಆದರೆ ರಂಗಸ್ಥಳದಿಂದ ದೂರ ನಿಂತು ತೆಗೆಯುವವರು ಮೆಚ್ಚುವ 70-200 ಎಫ್2.8 ಲೆನ್ಸ್ ಹಳೆಯದರಲ್ಲಿ 1430 ಗ್ರಾಂ, ಹೊಸದರಲ್ಲಿ 1440 ಗ್ರಾಂ! ಅಂದರೆ ದೊಡ್ಡ ಲೆನ್ಸ್ ಬಳಸುವವನ ಹೊರೆ ಹೆಚ್ಚೇನೂ ಇಳಿಯದು. ಸಣ್ಣ ಲೆನ್ಸುಗಳನ್ನು ಒಪ್ಪಿಕೊಂಡವನಿಗೆ ಮಾತ್ರ ಹಗುರ ನಿಜವಾಗಿ ಸಿಗುತ್ತದೆ.

ನಿಜವಾದ ಲಾಭ ಬೇರೆಡೆ ಇದೆ. ಚಿತ್ರ ಎಷ್ಟು ಬೆಳಕಾಗಿ ಮೂಡಲಿದೆ ಎಂಬುದು ಗುಂಡಿ ಒತ್ತುವ ಮೊದಲೇ ಪರದೆಯಲ್ಲಿ ಕಾಣುತ್ತದೆ. ಮಿನುಗುವ ಕಿರೀಟ ಬೆಳ್ಳಗೆ ಸುಟ್ಟುಹೋಗುವುದನ್ನೂ, ದೊಂದಿಯ ಬೆಳಕಿನಲ್ಲಿ ದೈವದ ಮುಖ ಕಪ್ಪಾಗುವುದನ್ನೂ ಆಗಲೇ ತಿದ್ದಬಹುದು. ದೈವ ನುಡಿ ಕೊಡುವ ಹೊತ್ತಿನಲ್ಲಿ, ಒಪ್ಪಿಗೆ ಪಡೆದು ನಿಂತವನು, ಸದ್ದಿಲ್ಲದೆ ಚಿತ್ರ ತೆಗೆಯಬಹುದು. ಇದಕ್ಕೂ ಮಿತಿಯಿದೆ: ನಿಶ್ಶಬ್ದ ವಿಧಾನದಲ್ಲಿ ಹೆಚ್ಚಿನ ಸೆನ್ಸರುಗಳು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಧಿಗಿಣ ಹಾರುವ ವೇಷಧಾರಿಯ ಕೈಕಾಲು ಓರೆಯಾಗಿ ಮೂಡಬಹುದು, ಎಲ್‌ಇಡಿ ದೀಪದ ಕೆಳಗೆ ಪಟ್ಟಿಪಟ್ಟಿಯಾದ ಗೆರೆಗಳೂ ಬರಬಹುದು. ಅಲ್ಲಿ ಸಾಮಾನ್ಯ ಶಟರೇ ಲೇಸು.

ಇನ್ನೆರಡು ಎಚ್ಚರಗಳು ಅಗತ್ಯ. ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ನಿಗದಿತ ಪರೀಕ್ಷೆಯ ಲೆಕ್ಕದಲ್ಲಿ ಡಿ750 ಒಂದು ಚಾರ್ಜಿಗೆ 1230 ಚಿತ್ರ ತೆಗೆದರೆ, ಝಡ್6 ಕಣ್ಣಿನ ಪರದೆಯಿಂದ ತೆಗೆಯುವುದು 310 ಮಾತ್ರ. ಕೊರಳಿನಿಂದ ಇಳಿದ ಭಾರದಲ್ಲಿ ಒಂದಿಷ್ಟು ಬ್ಯಾಟರಿಯ ರೂಪದಲ್ಲಿ ಕಿಸೆ ಸೇರುತ್ತದೆ. ಹಳೆಯ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಕೂರಿಸಬಹುದಾದರೂ, ಲೆನ್ಸಿನೊಳಗೆ ಮೋಟಾರು ಇಲ್ಲದ ನಿಕಾನ್‌ನ ಎಎಫ್-ಡಿ ಬಗೆಯವು ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಕೈಯಲ್ಲಿರುವ ಲೆನ್ಸ್ ಯಾವ ಬಗೆಯದೆಂದು ನೋಡದೆ ವಿನಿಮಯಕ್ಕೆ ಅವಸರಿಸಬಾರದು.

ಹೊಸದು ಬಂದ ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್‌ನ ಗತಿಯೇನು? ವಿನಿಮಯದಲ್ಲಿ ಸಿಗುವ ಅಲ್ಪ ಮೊತ್ತಕ್ಕಿಂತ ದೊಡ್ಡ ಬೆಲೆ ಅದಕ್ಕೆ ಕನ್ನಡ ಶಾಲೆಯಲ್ಲಿದೆ. ಅಪರ್ಚರ್, ಶಟರ್ ವೇಗ, ಐಎಸ್‌ಒ ಎಂಬ ಮೂರು ಪಾಠಗಳಿಗೆ ಕನ್ನಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವಿದೆ, ಕನ್ನಡ ಕಂಠಪಾಠವಿದೆ, ಕನ್ನಡ ಭಾಷಣವಿದೆ. ಇವುಗಳಿಗೆ ಶಾಲೆ ನಡೆಸುವ ತಯಾರಿಯನ್ನು, ಬಣ್ಣ ಹಚ್ಚಿಸಿಕೊಳ್ಳುವ ಪುಟ್ಟ ಕಲಾವಿದರನ್ನು, ತಾಳ ಹೇಳಿಕೊಡುವ ಗುರುವನ್ನು ಸಹಪಾಠಿಯೊಬ್ಬ ಸೆರೆಹಿಡಿಯಬಹುದು. ಅಂಥ ಒಂದು ಕ್ಯಾಮರಾವನ್ನು ಶಾಲೆಯ ಕಪಾಟಿನಲ್ಲಿಡುವ ಹೊಣೆಯನ್ನು ರಕ್ಷಕ-ಶಿಕ್ಷಕ ಸಂಘಗಳು ವಹಿಸಿಕೊಳ್ಳಬಹುದು.

ಜೊತೆಗೊಂದು ಪುಸ್ತಕವೂ ಇರಬೇಕು. ಚಿತ್ರದಲ್ಲಿರುವವರ ಹೆಸರು, ವೇಷ, ಊರು, ದಿನಾಂಕ — ಇಷ್ಟನ್ನು ಮಕ್ಕಳೇ ಕನ್ನಡದಲ್ಲಿ ಬರೆದಿಡಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಶಾಲೆಯ ಬದುಕು ಹೇಗಿತ್ತೆಂದು ಮುಂದೆ ಯಾರಾದರೂ ಕೇಳಿದಾಗ, ಹೆಸರಿಲ್ಲದ ಚಿತ್ರ ಮೌನವಾಗಿರುತ್ತದೆ. ಅಡಿಯಲ್ಲಿ ಎರಡು ಸಾಲು ಬರೆದ ಚಿತ್ರ ಉತ್ತರಿಸುತ್ತದೆ. ಆ ಎರಡು ಸಾಲಿಗೆ ಬೇಕಾದದ್ದು ಹೊಸ ಕ್ಯಾಮರಾ ಅಲ್ಲ, ಒಂದು ಪೆನ್ಸಿಲು.