ಲಾರಿಯ ಹೊಗೆ: ಸೈಲೆನ್ಸರಿನ ಆಚೆಗೂ ಲೆಕ್ಕವಿದೆ

ತಪ್ಪು ಕಲ್ಪನೆ: ಹೈಡ್ರೋಜನ್ ಲಾರಿ ಬಿಡುವುದು ನೀರಾವಿ ಮಾತ್ರ, ಹಾಗಾಗಿ ಅದೇ ಎಲ್ಲಕ್ಕಿಂತ ಶುದ್ಧ.

ವಾಸ್ತವ: ಫ್ಯುಯೆಲ್ ಸೆಲ್ ಲಾರಿಯ ಮಟ್ಟಿಗೆ ನೀರಾವಿಯ ಮಾತು ನಿಜ. ಆದರೆ ಆ ಹೈಡ್ರೋಜನ್ನನ್ನು ಎಲ್ಲೋ ತಯಾರಿಸಿರುತ್ತಾರಲ್ಲ! ನೈಸರ್ಗಿಕ ಅನಿಲದಿಂದ ತೆಗೆದರೆ ಕಿಲೋಗೆ 9–10 ಕಿಲೋ ಇಂಗಾಲದ ಡೈಆಕ್ಸೈಡ್ ಕಾರ್ಖಾನೆಯಲ್ಲೇ ಹೊರಬೀಳುತ್ತದೆ. ನೀರನ್ನು ಒಡೆದು ತೆಗೆಯಲು ಕಿಲೋಗೆ 50ಕ್ಕೂ ಹೆಚ್ಚು ಯೂನಿಟ್ ಕರೆಂಟು ಬೇಕು. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಭಾರಿ ಟ್ರೈಲರ್ 100 ಕಿಲೋಮೀಟರಿಗೆ ಸುಮಾರು 8 ಕಿಲೋ ಹೈಡ್ರೋಜನ್ ಕುಡಿದರೆ ಲೆಕ್ಕ 280 ಕಿಲೋ ದಾಟುತ್ತದೆ. ಲೀಟರಿಗೆ 3 ಕಿಲೋಮೀಟರ್ ಕೊಡುವ ಡೀಸೆಲ್ ಲಾರಿ ಅಷ್ಟೇ ದೂರಕ್ಕೆ ಉಗುಳುವುದು 90 ಕಿಲೋ! 2023ರಲ್ಲಿ ಕೇಂದ್ರ ಸರ್ಕಾರ ‘ಹಸಿರು’ ಹೈಡ್ರೋಜನ್‌ಗೆ ಕಿಲೋಗೆ 2 ಕಿಲೋ ಎಂಬ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಸೌರವಿದ್ಯುತ್ತಿನಿಂದ ಮಾಡಿದರೆ ಆ ಮಿತಿಯೊಳಗೆ ಬರಬಹುದು. ಆದರೆ ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಲಾರಿ ಹೆಚ್ಚುಕಡಿಮೆ ಮೂರು ಪಟ್ಟು ದೂರ ಓಡುತ್ತದೆ.

ತಪ್ಪು ಕಲ್ಪನೆ: ಕಲ್ಲಿದ್ದಲಿನ ಕರೆಂಟಿನಲ್ಲಿ ಓಡುವ ಇ-ಲಾರಿ ಬರೀ ನಾಟಕ.

ವಾಸ್ತವ: ಅರ್ಧ ಸತ್ಯ. ಇ-ಟ್ರೈಲರ್ ಕಿಲೋಮೀಟರಿಗೆ 1.3 ಯೂನಿಟ್ ಬಳಸಿದರೆ ಗ್ರಿಡ್ ಲೆಕ್ಕದಲ್ಲಿ ಸುಮಾರು 0.9 ಕಿಲೋ. ಡೀಸೆಲ್ಲಿನದೂ ಅಷ್ಟೇ. ಕಚ್ಚಾತೈಲ ಎತ್ತುವ, ಸಂಸ್ಕರಿಸುವ ಬಾಬತ್ತು ಡೀಸೆಲ್ ಕಡೆಗೆ ಸೇರಬೇಕು, ಬ್ಯಾಟರಿ ತಯಾರಿಕೆಯದು ಇ-ಲಾರಿ ಕಡೆಗೆ. ಇವತ್ತಿನ ಮಟ್ಟಿಗೆ ದೊಡ್ಡ ಗೆಲುವೇನಲ್ಲ, ಒಪ್ಪೋಣ. ಆದರೆ ಗ್ರಿಡ್ಡಿಗೆ ಸೌರ, ಪವನ ವಿದ್ಯುತ್ ಸೇರಿದಂತೆಲ್ಲ ಹಳೇ ಇ-ಲಾರಿಯೂ ಶುದ್ಧವಾಗುತ್ತ ಹೋಗುತ್ತದೆ. ಡೀಸೆಲ್ ಲಾರಿಗೆ ಆ ಯೋಗವಿಲ್ಲ.

ತಪ್ಪು ಕಲ್ಪನೆ: ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಹಾಕಿದರೆ ಹವಾಮಾನದ ಚಿಂತೆ ಮುಗಿಯಿತು.

ವಾಸ್ತವ: ಕಪ್ಪು ಹೊಗೆ ಕಡಿಮೆಯಾಗುತ್ತದೆ, ಊರಿನ ಗಾಳಿಗೆ ಒಳ್ಳೆಯದೇ. ಆದರೆ ಎಲ್‌ಎನ್‌ಜಿ ಎಂದರೆ ಬಹುಪಾಲು ಮೀಥೇನ್. ಸುಡದೆ ಸೋರಿದ ಮೀಥೇನ್ 20 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಬಾವಿಯಿಂದ ಟ್ಯಾಂಕಿನವರೆಗೆ ಎಲ್ಲಿ ಸೋರಿದರೂ ಉಳಿತಾಯ ಕರಗುತ್ತದೆ.

ತಪ್ಪು ಕಲ್ಪನೆ: ಜೈವಿಕ ಡೀಸೆಲ್ ಎಲ್ಲವೂ ಒಂದೇ.

ವಾಸ್ತವ: ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆ, ಬದುವಿನ ಹೊಂಗೆ ಬೀಜ ಬೇರೆ, ಕಾಡು ಕಡಿದು ನೆಟ್ಟ ತಾಳೆ ಬೇರೆ.

ತಪ್ಪು ಕಲ್ಪನೆ: ಇಂಧನ ಬದಲಿಸುವುದೊಂದೇ ದಾರಿ.

ವಾಸ್ತವ: ರಿಟರ್ನ್ ಲೋಡ್ ಸಿಗದೆ ಖಾಲಿ ಮರಳುವ ಲಾರಿ ಯಾವ ಇಂಧನದ್ದಾದರೂ ದಂಡವೇ. ರೈಲಿನ ದಾರಿಯೂ ಇದೆ: ಕೊಂಕಣ ರೈಲ್ವೆ 1999ರಿಂದ ಲೋಡಾದ ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿ ಸಾಗಿಸುತ್ತಿದೆ. ಮಹಾರಾಷ್ಟ್ರದ ಕೋಲಾಡಿನಲ್ಲಿ ಹತ್ತಿದ ಲಾರಿ ಸುರತ್ಕಲ್ಲಿನಲ್ಲಿ ಇಳಿಯುತ್ತದೆ. ಆ ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿದೆ. ಲಾರಿ ಹಳೇ ಡೀಸೆಲ್ಲಿನದೇ ಇರಲಿ, ಘಾಟಿ ಹತ್ತಿಳಿಯುವ ಅಷ್ಟೂ ಡೀಸೆಲ್ ಟ್ಯಾಂಕಿನಲ್ಲೇ ಉಳಿಯುತ್ತದೆ.